ಹೆರಿಗೆ ವಾರ್ಡಿನಲ್ಲಿ ನಮ್ಮ ಮಾತು ಬಲ್ಲ ಒಬ್ಬರು ಬೇಕು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಸಚಿವರು, ಕೇರಳ ಸರಕಾರ, ತಿರುವನಂತಪುರ
ಹಾಗೂ
ಜಿಲ್ಲಾ ವೈದ್ಯಾಧಿಕಾರಿಗಳು, ಕಾಸರಗೋಡು

ವಿಷಯ: ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಬಾಣಂತಿಯರಿಗೆ ಮಗುವಿಗೆ ಹಾಲೂಡಿಸುವ ವಿಚಾರದಲ್ಲಿ ಸಿಗಬೇಕಾದ ನೆರವಿನ ಬಗ್ಗೆ.

ಮಾನ್ಯರೆ,

ನಾನು ಮಂಜೇಶ್ವರ ತಾಲೂಕಿನ ಎಣ್ಮಕಜೆ ಪಂಚಾಯತಿನಲ್ಲಿ ಹುಟ್ಟಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದಿನ ಓದಿಗೆ ಪುತ್ತೂರಿಗೆ ಹೋಗಿ, ಪುತ್ತೂರಿನ ಕಡೆಗೇ ಮದುವೆಯಾಗಿ ಹೋದವಳು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ರೂಢಿ ಇರುವುದರಿಂದ ಏಳನೆಯ ತಿಂಗಳಿಗೆ ಊರಿಗೆ ಬಂದು, ಈ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಮಗನನ್ನು ಹೆತ್ತೆ. ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿನವರು ನನ್ನ ಮತ್ತು ನನ್ನ ಮಗುವಿನ ಜೀವ ಕಾಪಾಡಿದ್ದಾರೆ, ಆ ಋಣ ನನಗೆ ಗೊತ್ತಿದೆ. ನನ್ನ ದೂರು ಯಾವುದೇ ಒಬ್ಬ ವೈದ್ಯರ ಅಥವಾ ಸಿಸ್ಟರ್ ಒಬ್ಬರ ಮೇಲಲ್ಲ. ಆದರೆ ಹೆರಿಗೆಯ ನಂತರದ ಹನ್ನೆರಡು ದಿನಗಳಲ್ಲಿ ನನಗೂ ಮಗುವಿಗೂ ನಡುವೆ ಆದದ್ದು ನಮ್ಮ ಗಡಿಭಾಗದ ಅನೇಕ ಮನೆಗಳ ಬಾಣಂತಿ ಕೋಣೆಗಳಲ್ಲಿ ಆಗುತ್ತಿದೆ ಎಂದು ಆಮೇಲೆ ಒಬ್ಬೊಬ್ಬರನ್ನೇ ಕೇಳಿ ತಿಳಿದ ಮೇಲೆ, ಸುಮ್ಮನಿರುವುದು ಸರಿಯಲ್ಲವೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಬೆನ್ನಿಗೆ ಸೂಜಿ ಕೊಟ್ಟು ಸಿಸೇರಿಯನ್ ಮಾಡಿದ್ದರು. ನನಗೆ ಎಚ್ಚರವಿತ್ತು, ಮಗುವಿನ ಮೊದಲ ಅಳು ಕೇಳಿಸಿತು, ಪರದೆಯ ಮೇಲಿನಿಂದ ಒಂದು ಕ್ಷಣ ಮುಖ ತೋರಿಸಿದರು. ಮತ್ತೆ ಮಗು ನನ್ನ ಕೈಗೆ ಬಂದದ್ದು ನಾಲ್ಕು ಗಂಟೆ ಕಳೆದ ಮೇಲೆ, ಅದೂ ಹುಡಿ ಹಾಲು ಕುಡಿದು ಗಾಢ ನಿದ್ದೆಯಲ್ಲಿದ್ದಾಗ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ತಾಯಿಯ ಎದೆಗೆ ಹಚ್ಚಬೇಕು, ಮೈಗೆ ಮೈ ತಾಗುವಂತೆ ಮಲಗಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿಗೆ ಎಚ್ಚರವಿದ್ದರೆ ಸಿಸೇರಿಯನ್ ಆದವರಲ್ಲೂ ಇದು ಸಾಧ್ಯ. ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಕೇಳುವ ಭಾಷೆ ನನ್ನಲ್ಲಿರಲಿಲ್ಲ.

ಭಾಷೆಯ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಸ್ಸಿನ ಬೋರ್ಡು ಓದುವಷ್ಟು, ಅಂಗಡಿಯಲ್ಲಿ ವ್ಯವಹರಿಸುವಷ್ಟು ಮಲಯಾಳ ನಮಗೆಲ್ಲ ಬರುತ್ತದೆ. ಆದರೆ ಹೊಲಿಗೆ ನೋಯುತ್ತಿರುವಾಗ, ಮಗು ಕಿರುಚುತ್ತಿರುವಾಗ, ಅವಸರದಲ್ಲಿರುವ ಒಬ್ಬರು ಹೇಳುವ "ಚರಿಚ್ಚು ಪಿಡಿಕ್ಕ್" ಎಂಬ ಮಾತು ಮಗುವನ್ನು ಓರೆಯಾಗಿ ಹಿಡಿ ಎಂದರ್ಥವೆಂದು ಹೊಳೆಯುವುದಿಲ್ಲ. ಎರಡನೆಯ ದಿನ ಸಿಸ್ಟರ್ ಒಬ್ಬರು ನನ್ನ ಅಮ್ಮನಲ್ಲಿ "ಗೋಕರ್ಣಂ" ತರಿಸಿ ಎಂದರು. ಅಮ್ಮನಿಗೆ ತಿಳಿದಿದ್ದ ಗೋಕರ್ಣ ಒಂದೇ, ಮಹಾಬಲೇಶ್ವರನ ಕ್ಷೇತ್ರ. ಮಗುವಿಗೆ ಏನೋ ಗಂಡಾಂತರವಿದೆ, ಹರಕೆ ಹೇಳಿಕೊಳ್ಳಲು ಹೇಳುತ್ತಿದ್ದಾರೆ ಎಂದುಕೊಂಡು ಅವರು ಅಲ್ಲಿಯೇ ಮುಡಿಪು ಕಟ್ಟಿಟ್ಟು, ನನಗೆ ಕಾಣದಂತೆ ಹೊರಗೆ ಹೋಗಿ ಅತ್ತರು. ಸಿಸ್ಟರ್ ಕೇಳಿದ್ದು ಶಿಶುಗಳಿಗೆ ಹಾಲು ಕುಡಿಸುವ, ಮೂತಿ ಇರುವ ಪುಟ್ಟ ಪಾತ್ರೆಯನ್ನು. ನಮ್ಮಲ್ಲಿ ಅದನ್ನು ಒಳಲೆ ಎನ್ನುತ್ತಾರೆ. ನಾನೇ ಕುಡಿದ ಬೆಳ್ಳಿಯ ಒಳಲೆ ನಮ್ಮ ಮನೆಯ ಕಪಾಟಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆಯೇ ಇತ್ತು. ಪಕ್ಕದ ಹಾಸಿಗೆಯ ಬಾಣಂತಿಯ ಅಣ್ಣ ಬಂದು ಅರ್ಥ ಹೇಳುವ ಹೊತ್ತಿಗೆ ಸಂಜೆಯಾಗಿತ್ತು. ಒಂದು ಪದ ತಿಳಿಯದೆ ಆ ದಿನದ ಅರ್ಧ ಭಾಗ ನನ್ನ ಮಗು ಬಾಟಲಿಯಲ್ಲೇ ಕುಡಿಯಿತು.

ಮಗುವನ್ನು ಎದೆಗೆ ಹಚ್ಚಲು ಸಿಸ್ಟರುಗಳು ಪ್ರಯತ್ನಿಸಲಿಲ್ಲವೆಂದು ಹೇಳಲಾರೆ. ಪ್ರತಿ ಪಾಳಿಯಲ್ಲೂ ಒಬ್ಬರು ಬಂದು, ಒಂದು ಕೈಯಲ್ಲಿ ನನ್ನ ಮೊಲೆ ಹಿಡಿದು, ಇನ್ನೊಂದು ಕೈಯಲ್ಲಿ ಮಗುವಿನ ಹಿಂದಲೆಯನ್ನು ಒತ್ತಿ ಬಾಯಿಗೆ ತುರುಕಿಸುತ್ತಿದ್ದರು. ಮಗು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ತಲೆ ಹಿಂದಕ್ಕೆಸೆದು, ಮುಷ್ಟಿಯಿಂದ ನನ್ನನ್ನು ದೂಡಿ ಕಿರುಚುತ್ತಿತ್ತು. ಎರಡು ನಿಮಿಷದಲ್ಲಿ "ಪಾಲಿಲ್ಲ" ಎಂಬ ತೀರ್ಮಾನವಾಗುತ್ತಿತ್ತು. ಆ ಮಾತು ಮಾತ್ರ ಕನ್ನಡದವರಿಗೂ ಅರ್ಥವಾಗುತ್ತದೆ. ನಾಲ್ಕನೆಯ ದಿನ ತೂಕ ನೋಡಿದಾಗ 2 ಕಿಲೋ 850 ಗ್ರಾಂ ಇದ್ದ ಮಗು 2 ಕಿಲೋ 560 ಗ್ರಾಂಗೆ ಇಳಿದಿತ್ತು. ಒಂದು ಚೀಟಿಯಲ್ಲಿ ಹುಡಿ ಹಾಲಿನ ಒಂದು ಕಂಪನಿಯ ಹೆಸರು ಬರೆದುಕೊಟ್ಟರು. ಐದನೆಯ ದಿನ ಮನೆಗೆ ಕಳುಹಿಸಿದರು. ಬಿಡುಗಡೆಯ ಕಾಗದದಲ್ಲಿ ಹೊಲಿಗೆಯ ವಿಚಾರವಿತ್ತು, ಮಾತ್ರೆಗಳ ವಿಚಾರವಿತ್ತು, ಮಗು ಹಾಲು ಕುಡಿಯಲು ಕಲಿತಿದೆಯೇ ಇಲ್ಲವೇ ಎಂಬ ಒಂದು ಸಾಲೂ ಇರಲಿಲ್ಲ.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಸಂಕೋಚವಿದೆ, ಆದರೂ ಈ ಪತ್ರದ ಮುಖ್ಯ ವಿಚಾರವೇ ಅದು. ಮನೆಗೆ ಬಂದ ಮೇಲೆ ನನ್ನ ಮೊಲೆತೊಟ್ಟುಗಳು ಒಡೆದು ರಕ್ತ ಜಿನುಗುತ್ತಿತ್ತು, ಎದೆ ಕಲ್ಲಿನಂತೆ ಗಟ್ಟಿಯಾಗಿ ಜ್ವರ ಬಂದಿತ್ತು. ಹಾಲಿಲ್ಲವೆಂದು ಹೇಳಿದ್ದ ಎದೆಯಲ್ಲಿ ಹಾಲು ಕಟ್ಟಿ ನಿಂತಿತ್ತು, ಆದರೆ ಅದು ಮಗುವಿನ ಬಾಯಿಗೆ ಹೋಗುತ್ತಿರಲಿಲ್ಲ. ನೋಡಲು ಬಂದವರಲ್ಲಿ ಕೆಲವರು ಜೇನು ನೆಕ್ಕಿಸಲು ಹೇಳಿದರು, ಕೆಲವರು ನನ್ನ ಊಟದಲ್ಲಿ ದೋಷ ಹುಡುಕಿದರು. ತೊಟ್ಟಿಲಿನಲ್ಲಿ ಮಗು ಮಿಸುಕಿದರೆ ಸಾಕು, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಸಂಜೆಯಾಗುತ್ತಿದ್ದಂತೆ ಕೈಕಾಲು ತಣ್ಣಗಾಗುತ್ತಿತ್ತು. ಅಮ್ಮ ನನ್ನ ಪಕ್ಕದಲ್ಲೇ ಕುಳಿತು ಒಳಲೆಯಲ್ಲಿ ಹುಡಿ ಹಾಲು ಕುಡಿಸುವಾಗ ಮಗು ಗುಟುಕಿಗೊಮ್ಮೆ ನಿಲ್ಲಿಸಿ, ಕಣ್ಣು ಮಿಟುಕಿಸದೆ ಅಮ್ಮನ ಮುಖವನ್ನೇ ನೋಡುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಇವನಿಗೆ ನಾನು ಬೇಡ, ನನ್ನ ಮೈಯ ವಾಸನೆಯೇ ಬೇಡ ಎಂದು ನನಗೆ ಖಚಿತವಾಗಿತ್ತು. ಹತ್ತನೆಯ ದಿನ ಅಮ್ಮನಲ್ಲಿ, ಇವನನ್ನು ನೀವೇ ಸಾಕಿ, ನನ್ನಿಂದ ಆಗುವುದಿಲ್ಲ ಎಂದು ಹೇಳಿದ್ದೆ.

ನನ್ನ ಮನಸ್ಸಿನಲ್ಲಿ ಇನ್ನೊಂದು ಹೆದರಿಕೆಯೂ ಇತ್ತು. ಅದು ನಮ್ಮ ಪಂಚಾಯತಿನ ಹೆಣ್ಣುಮಕ್ಕಳಿಗೆ ಮಾತ್ರ ಅರ್ಥವಾಗುವಂಥದು. 2000ದ ವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರಿನಲ್ಲಿ ನಾನು ಮಗುವಾಗಿ ಬೆಳೆದವಳು. ನಮ್ಮ ನೀರಿನಲ್ಲಿ, ಮಣ್ಣಿನಲ್ಲಿ, ರಕ್ತದಲ್ಲಿ ವಿಷವಿದೆ ಎಂಬ ಮಾತನ್ನು ಕೇಳುತ್ತಲೇ ದೊಡ್ಡವಳಾದೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು, ಆದರೆ ನನ್ನ ಹಾಲು ನನ್ನ ಮಗುವಿಗೆ ಕ್ಷೇಮವೇ ಎಂಬ ಪ್ರಶ್ನೆ ನನ್ನಂಥವರ ಮನಸ್ಸಿನಿಂದ ಹೋಗಿಲ್ಲ. ಗರ್ಭಿಣಿಯಾಗಿದ್ದಾಗ ಎಷ್ಟೋ ಸಲ ತಪಾಸಣೆಗೆ ಹೋದೆ, ಈ ಒಂದು ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು, ಕೇಳಿದರೆ ನಗದೆ ಉತ್ತರಿಸಲು ಯಾರೂ ಸಿಗಲಿಲ್ಲ. ಮಗು ಎದೆಯಿಂದ ಮುಖ ತಿರುಗಿಸಿದಾಗ, ಅದಕ್ಕೇ ತಿಳಿದಿರಬೇಕು ಎಂದು ಕೂಡ ಯೋಚಿಸಿದ್ದೇನೆ. ಆರೋಗ್ಯ ಇಲಾಖೆಯವರು ನಮ್ಮೂರಿನ ಗರ್ಭಿಣಿಯರನ್ನು ಕೂರಿಸಿ, ಈ ಬಗ್ಗೆ ತಿಳಿದಿರುವುದನ್ನು ಕನ್ನಡದಲ್ಲಿ, ತುಳುವಿನಲ್ಲಿ ಸ್ಪಷ್ಟವಾಗಿ ಹೇಳುವುದು ಅಗತ್ಯ.

ಹನ್ನೆರಡನೆಯ ದಿನ, ಕರ್ನಾಟಕದ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತರಾದ, ನಮ್ಮ ದೂರದ ಸಂಬಂಧಿಕರಾದ ಒಬ್ಬ ಅಕ್ಕ ಮಗು ನೋಡಲು ಬಂದರು. ಏಕೆ ಅಳುತ್ತಿ ಎಂದು ಕೇಳದೆ, ಎಷ್ಟು ಹೊತ್ತಿಗೆ ಹಾಲು ಕೊಡುತ್ತಿ ಎಂದು ಕೇಳಿದರು. ಆ ಹೊತ್ತಿನವರೆಗೆ ಕಾದರು. ಮೊದಲು ನನ್ನನ್ನು ದಿಂಬುಗಳಿಗೆ ಒರಗಿಸಿ ಅರೆಮಲಗಿಸಿದರು. ಮಗುವಿನ ಅಂಗಿ ಬಿಚ್ಚಿ ನನ್ನ ಬರಿ ಎದೆಯ ಮೇಲೆ ಕವುಚಿ ಮಲಗಿಸಿ, ಮೇಲೆ ಒಂದು ಹಳೆಯ ಸೀರೆ ಹೊದೆಸಿದರು. ಹತ್ತು ನಿಮಿಷ ಏನೂ ಮಾಡಲಿಲ್ಲ, ನನಗೂ ಏನೂ ಮಾಡಲು ಬಿಡಲಿಲ್ಲ. ಕಟ್ಟಿದ್ದ ಹಾಲನ್ನು ಸ್ವಲ್ಪ ಕೈಯಿಂದ ಹಿಂಡಿ ತೆಗೆದು ಮೊಲೆಯನ್ನು ಮೆದು ಮಾಡಿದರು. ಬೆರಳು ತೊಳೆದು ಬಂದು ಮಗುವಿನ ನಾಲಿಗೆಯ ಅಡಿ ನೋಡಿ, ಅಲ್ಲಿ ಅಂಟಿಕೊಂಡಿಲ್ಲ ಎಂದರು. ಮಗು ತಾನಾಗಿ ತಲೆಯೆತ್ತಿ ಆಚೀಚೆ ಹುಡುಕಲು ತೊಡಗಿದಾಗ ನಾನು ಅಭ್ಯಾಸಬಲದಿಂದ ಅದರ ಹಿಂದಲೆಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದು ಕೆಳಗಿಳಿಸಿ ಹೇಳಿದರು: "ತಲೆಗೆ ಕೈ ಹಾಕಬೇಡ ಮಗಾ, ಹೆಗಲಿಗೆ ಕೊಡು. ತಲೆಯನ್ನು ಅವನೇ ನೋಡಿಕೊಳ್ಳುತ್ತಾನೆ. ಹಿಂದಿನಿಂದ ಒತ್ತಿದರೆ ಯಾವ ಮಗುವೂ ತಲೆ ಹಿಂದಕ್ಕೆ ಹಾಕುತ್ತದೆ, ಅದು ಮೈಯ ಗುಣ, ನಿನ್ನ ಮೇಲಿನ ಸಿಟ್ಟಲ್ಲ."

ನಾನು ಅತ್ತದ್ದು ಆಗ. ಹನ್ನೆರಡು ದಿನ ನನ್ನನ್ನು ಕೊಂದ ಒಂದು ಸಂಗತಿಗೆ ಇಷ್ಟು ಚಿಕ್ಕ ವಿವರಣೆ ಇತ್ತು. ಮಗು ಬಾಯಿ ಅಗಲಿಸಿದ ಕ್ಷಣದಲ್ಲಿ ಅವರು ಅದರ ಹೆಗಲನ್ನು ಮೆಲ್ಲಗೆ ಹತ್ತಿರ ತಂದರು. ಗದ್ದ ಎದೆಗೆ ಒತ್ತಿತು, ಕೆಳತುಟಿ ಹೊರಕ್ಕೆ ಮಗುಚಿತು, ಕಪ್ಪು ಭಾಗ ಮೇಲೆ ಹೆಚ್ಚು ಕಂಡು ಕೆಳಗೆ ಬಾಯೊಳಗೆ ಹೋಯಿತು. ಅಷ್ಟು ದಿನ ಬರೇ ತೊಟ್ಟನ್ನು ಚೀಪಿಸಿದ್ದರಿಂದಲೇ ಅದು ಒಡೆದದ್ದು ಎಂದು ಅವರು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಮಗು ನುಂಗುವ ಸದ್ದು ಕೇಳಿಸಿತು. ಹೊಲಿಗೆಯ ಮೇಲೆ ಭಾರ ಬೀಳದಂತೆ ಕಂಕುಳಡಿಯಲ್ಲಿ ಮಗುವನ್ನು ಹಿಡಿಯುವ ಕ್ರಮವನ್ನೂ ಹೇಳಿಕೊಟ್ಟರು. ಎಲ್ಲ ಸೇರಿ ಒಂದೂವರೆ ಗಂಟೆ. ಯಂತ್ರವಿರಲಿಲ್ಲ, ಔಷಧಿಯಿರಲಿಲ್ಲ, ಖರ್ಚಾದದ್ದು ಒಂದು ಲೋಟ ಕಾಫಿ.

ಅಲ್ಲಿಗೆ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹುಡಿ ಹಾಲನ್ನು ಕಡಿಮೆ ಮಾಡುತ್ತ ಬರಲು ಐದಾರು ವಾರ ಬೇಕಾಯಿತು, ಸಂಜೆಯ ಒಂದು ಹೊತ್ತಿನ ಹುಡಿ ಹಾಲು ನಾಲ್ಕು ತಿಂಗಳವರೆಗೂ ಉಳಿಯಿತು. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಕೆಲವು ತಾಯಂದಿರಿಗೆ ಕಾಯಿಲೆಯಿಂದಲೋ ಶರೀರದ ಕಾರಣದಿಂದಲೋ ನಿಜವಾಗಿಯೂ ಹಾಲು ಸಾಲದು, ಅಂಥಲ್ಲಿ ಹುಡಿ ಹಾಲು ಮಗುವನ್ನು ಉಳಿಸುತ್ತದೆ, ಅವರ ಮಮತೆ ಅದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಒಳಲೆಯಲ್ಲಿ ಕುಡಿಸುವಾಗಲೂ ಮಗುವನ್ನು ತಾಯಿಯ ಮಡಿಲಲ್ಲೇ ಇಟ್ಟು, ಆಕೆಯ ಮುಖ ಕಾಣುವಂತೆ ಕುಡಿಸಬಹುದಿತ್ತು, ಅದನ್ನೂ ನಮಗೆ ಯಾರೂ ಹೇಳಲಿಲ್ಲ. ನನ್ನ ಹಾಸಿಗೆಯೆದುರು ಗೋಡೆಯಲ್ಲಿ ನಗುಮುಖದ ತಾಯಿಯೊಬ್ಬಳು ಹಾಲೂಡಿಸುವ ಚಿತ್ರವಿತ್ತು, ಅಡಿಯಲ್ಲಿ ಮಲಯಾಳದಲ್ಲಿ ಎದೆಹಾಲಿನ ಹಿರಿಮೆ ಬರೆದಿತ್ತು. ಹಿರಿಮೆಯನ್ನು ನಾವು ಒಪ್ಪುತ್ತೇವೆ, ನಮಗೆ ಬೇಕಾಗಿದ್ದದ್ದು ಹಾಸಿಗೆಯ ಪಕ್ಕ ಕುಳಿತುಕೊಳ್ಳುವ ಒಬ್ಬ ಮನುಷ್ಯರು.

ಆಮೇಲೆ ತಿಳಿದ ಕೆಲವು ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ, ತಮಗಿವು ಹೊಸವಲ್ಲವೆಂದು ಬಲ್ಲೆ. ಹುಟ್ಟಿದ ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಬೇಕಾಗುವುದು ಒಂದು ಚಹಾ ಚಮಚೆಯಷ್ಟು ಹಾಲು. ಹಾಲು ತುಂಬಿ ಬರಲು ಎರಡರಿಂದ ನಾಲ್ಕು ದಿನ ಹಿಡಿಯುತ್ತದೆ, ಸಿಸೇರಿಯನ್ ಆದವರಲ್ಲಿ ಇನ್ನೂ ತಡವಾಗಬಹುದು. ಹಾಲು ಇಳಿಯುವಂತೆ ಮಾಡುವ ಆಕ್ಸಿಟೋಸಿನ್ ಎಂಬ ಹಾರ್ಮೋನು ನೋವು, ಹೆದರಿಕೆಗಳಿಂದ ತಡೆಯಲ್ಪಡುತ್ತದೆ. ಎಂದರೆ "ಪಾಲಿಲ್ಲ" ಎಂದು ತಾಯಿಯ ಮುಖಕ್ಕೆ ಹೇಳುವುದೇ ಹಾಲು ಇಳಿಯದಿರುವುದಕ್ಕೆ ಒಂದು ಕಾರಣವಾಗಬಲ್ಲದು. ನನ್ನ ಮಗುವಿನ ತೂಕ ನೂರಕ್ಕೆ ಹತ್ತರಷ್ಟು ಇಳಿದದ್ದು ಕಡೆಗಣಿಸುವ ವಿಷಯವಲ್ಲ, ಆಗ ಹೆಚ್ಚುವರಿ ಹಾಲು ಕೊಟ್ಟದ್ದು ತಪ್ಪಲ್ಲ. ಆದರೆ ತೂಕ ಏಕೆ ಇಳಿಯಿತೆಂದು ಪೂರ್ತಿ ಒಂದು ಸಲ ಹಾಲೂಡಿಸುವುದನ್ನು ಕುಳಿತು ನೋಡದೆ ಹೇಗೆ ತಿಳಿಯುತ್ತದೆ? ನಮ್ಮ ನೆರೆಮನೆಯ ಹುಡುಗಿಯೊಬ್ಬಳ ಮಗುವಿಗೆ ನಾಲಿಗೆಯಡಿಯ ತಂತು ಬಿಗಿಯಾಗಿತ್ತು. ಅದು ಎರಡು ತಿಂಗಳ ನಂತರ ಮಂಗಳೂರಿನಲ್ಲಿ ಪತ್ತೆಯಾಯಿತು, ಅಷ್ಟರಲ್ಲಿ ಅವಳ ಹಾಲು ಬತ್ತಿತ್ತು.

ಕಾನೂನು, ಯೋಜನೆಗಳಿಗೆ ಕೊರತೆಯಿಲ್ಲ. ಶಿಶುಹಾಲಿನ ಮಾರಾಟವನ್ನು ನಿಯಂತ್ರಿಸಿ, ತಾಯಂದಿರಿಗೆ ಅದರ ಪ್ರಚಾರ ಮಾಡುವುದನ್ನು, ಮಾದರಿ ಡಬ್ಬಿ ಕೊಡುವುದನ್ನು ನಿಷೇಧಿಸುವ ಕೇಂದ್ರದ ಕಾಯಿದೆ 1992ರಲ್ಲಿ ಬಂದು 2003ರಲ್ಲಿ ಬಿಗಿಯಾಯಿತು. ಹಾಲೂಡಿಕೆಗೆ ಬೆಂಬಲ ನೀಡಲು 2016ರಲ್ಲಿ ಕೇಂದ್ರ ಸರಕಾರ 'ಮಾ' ಕಾರ್ಯಕ್ರಮವನ್ನು ಆರಂಭಿಸಿತು. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಭೇಟಿ ಕೊಡಬೇಕೆಂಬ ಕ್ರಮವಿದೆ. ನಮ್ಮ ಆಶಾ ಬಂದಿದ್ದರು, ಒಳ್ಳೆಯ ಹೆಂಗಸು. ಆದರೆ ಕೈಯಲ್ಲಿ ದೊಡ್ಡ ರಿಜಿಸ್ಟರ್, ಮುಂದೆ ಇನ್ನೂ ನಾಲ್ಕು ಮನೆ. ಮಗು ಹಾಲು ಕುಡಿಯುತ್ತದೆಯೇ ಎಂದು ಕೇಳಿದರು. ಕುಡಿಯುತ್ತದೆ ಎಂದು ಅಮ್ಮ ಹೇಳಿದರು. ಹೌದು ಎಂದು ಬರೆದುಕೊಂಡರು. ಯಾವ ಹಾಲು, ಹೇಗೆ, ಯಾರ ಕೈಯಿಂದ ಎಂಬುದಕ್ಕೆ ಆ ರಿಜಿಸ್ಟರಿನಲ್ಲಿ ಜಾಗವಿದ್ದಂತೆ ಕಾಣಲಿಲ್ಲ. 2020ರ ಜನನ ಮರಣಗಳ ಮಾದರಿ ನೋಂದಣಿಯ ಲೆಕ್ಕದಂತೆ ದೇಶದಲ್ಲಿ ಶಿಶುಮರಣ ಸಾವಿರಕ್ಕೆ 28 ಇದ್ದಾಗ ಕೇರಳದಲ್ಲಿ 6 ಇತ್ತು. ಈ ರಾಜ್ಯದವಳೆಂಬ ಹೆಮ್ಮೆ ನನಗೂ ಇದೆ. ಆ ಲೆಕ್ಕದಲ್ಲಿ ನನ್ನ ಮಗ ಬದುಕಿದವರ ಸಾಲಿನಲ್ಲಿದ್ದಾನೆ, ಅವನ ತಾಯಿ ಗೋಡೆಯ ಕಡೆ ತಿರುಗಿ ಮಲಗಿದ್ದುದು ಯಾವ ಲೆಕ್ಕದಲ್ಲೂ ಇಲ್ಲ.

ಆದುದರಿಂದ ನಾನು ವಿನಂತಿಸುವುದೇನೆಂದರೆ, ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಬಾಣಂತಿಯರು ಹೋಗುವ ಪ್ರತಿಯೊಂದು ಹೆರಿಗೆ ವಾರ್ಡಿನಲ್ಲೂ, ಹಗಲು ಮತ್ತು ರಾತ್ರಿ ಎರಡೂ ಪಾಳಿಗಳಲ್ಲಿ, ಕನ್ನಡ ಅಥವಾ ತುಳು ಮಾತಾಡಬಲ್ಲ, ಹಾಲೂಡಿಕೆಯ ನೆರವಿನಲ್ಲಿ ತರಬೇತಿ ಪಡೆದ ಒಬ್ಬರಾದರೂ ಇರುವಂತೆ ನೋಡಿಕೊಳ್ಳಬೇಕು. ಇದಕ್ಕೆ ಹೊರಗಿನಿಂದ ಜನ ತರಬೇಕಾಗಿಲ್ಲ. ಇದೇ ತಾಲೂಕುಗಳ ಹೆಣ್ಣುಮಕ್ಕಳು ನರ್ಸಿಂಗ್ ಓದಿ ಮಂಗಳೂರಿನಲ್ಲಿ ದುಡಿಯುತ್ತಿದ್ದಾರೆ, ನಮ್ಮ ಆಶಾ ಕಾರ್ಯಕರ್ತೆಯರಲ್ಲೂ ಅಂಗನವಾಡಿಯವರಲ್ಲೂ ಎರಡೂ ಭಾಷೆ ಬಲ್ಲವರಿದ್ದಾರೆ. ತಾಯಿ ಮಗುವನ್ನು ಮನೆಗೆ ಕಳುಹಿಸುವ ಮೊದಲು ಕನಿಷ್ಠ ಒಂದು ಸಲ, ಆರಂಭದಿಂದ ಕೊನೆಯವರೆಗೆ, ಹಾಲೂಡಿಸುವುದನ್ನು ಕುಳಿತು ನೋಡಿ, ಕಂಡದ್ದನ್ನು ಬಿಡುಗಡೆಯ ಕಾಗದದಲ್ಲಿ ಬರೆಯುವುದು ಕಡ್ಡಾಯವಾಗಲಿ. ಆ ಕಾಗದವೂ ಹಾಲೂಡಿಕೆಯ ಕರಪತ್ರಗಳೂ ಕನ್ನಡದಲ್ಲಿ ದೊರೆಯಲಿ. ಆ ಕರಪತ್ರದಲ್ಲಿ ಗೋಕರ್ಣಂ ಎಂಬಲ್ಲಿ ಒಳಲೆ ಎಂದಿರಲಿ. ಹುಡಿ ಹಾಲು ಅಗತ್ಯವಾದಾಗ ಅದರ ಕಾರಣವನ್ನು ಬರೆದು ಕೊಡಲಿ, ಕಂಪನಿಯ ಹೆಸರು ಬರೆದ ಚೀಟಿ ನಿಲ್ಲಲಿ.

ತಾಯಿಯ ಮನಸ್ಸಿನ ವಿಚಾರವನ್ನು ಬೇರೆಯಾಗಿಯೇ ಕೇಳಿಕೊಳ್ಳುತ್ತೇನೆ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಮಾಪನದಲ್ಲಿ ಇರುವುದು ಹತ್ತೇ ಪ್ರಶ್ನೆಗಳು. ಅದು ಕನ್ನಡದಲ್ಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕವಾಗಿ ಅಸ್ವಸ್ಥರಾದ ಬಾಣಂತಿಯರನ್ನು ಮಗುವಿನಿಂದ ಅಗಲಿಸದೆ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಅಷ್ಟು ದೊಡ್ಡದು ನಮ್ಮ ಜಿಲ್ಲೆಯಲ್ಲಿ ನಾಳೆಯೇ ಆಗಲಿ ಎಂದು ನಾನು ಹೇಳುವುದಿಲ್ಲ. ಆದರೆ ಮಗುವಿಗೆ ಆರನೆಯ ವಾರದ ಚುಚ್ಚುಮದ್ದು ಹಾಕಿಸಲು ತಾಯಿ ಬರುತ್ತಾಳೆ. ಆಗ ಆ ಹತ್ತು ಪ್ರಶ್ನೆಗಳನ್ನು ಅವಳ ಭಾಷೆಯಲ್ಲಿ, ಅತ್ತೆಯೋ ಗಂಡನೋ ಪಕ್ಕದಲ್ಲಿಲ್ಲದ ಜಾಗದಲ್ಲಿ ಕೇಳಲು ಹದಿನೈದು ನಿಮಿಷ ಸಾಕು. ನನ್ನನ್ನು ಹತ್ತನೆಯ ದಿನ ಯಾರಾದರೂ ಕೇಳಿದ್ದರೆ ನಾನು ಮುಚ್ಚಿಡದೆ ಹೇಳುತ್ತಿದ್ದೆ.

ಸಂವಿಧಾನದ 350ನೆಯ ವಿಧಿಯಂತೆ ತನ್ನ ಅಹವಾಲನ್ನು ದೇಶದ ಅಥವಾ ರಾಜ್ಯದ ಬಳಕೆಯ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಅದೇ ನಂಬಿಕೆಯಿಂದ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. 1956ರಲ್ಲಿ ಗಡಿ ಬದಲಾದಾಗ ನನ್ನ ಅಜ್ಜಿ ಎರಡು ಮಕ್ಕಳ ತಾಯಿ. ಅವರ ಹೆರಿಗೆ ಮನೆಯಲ್ಲೇ ಆಗಿತ್ತು, ಸೂಲಗಿತ್ತಿ ತುಳುವಿನಲ್ಲಿ ಮಾತಾಡುತ್ತಿದ್ದಳು. ಆ ಕಾಲದ ಹೆರಿಗೆಗಳಲ್ಲಿ ಎಷ್ಟು ಜೀವ ಹೋಗುತ್ತಿತ್ತೆಂದು ಕೇಳಿ ಬಲ್ಲ ನಾನು ಅದಕ್ಕೆ ಮರಳಬೇಕೆಂದು ಬಯಸುವವಳಲ್ಲ. ಆಸ್ಪತ್ರೆಯ ಸುರಕ್ಷೆಯ ಜೊತೆಗೆ ಆ ಸೂಲಗಿತ್ತಿಯ ಮಾತೂ ನಮಗೆ ಸಿಗಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ಮಗನಿಗೆ ಈಗ ಹತ್ತು ತಿಂಗಳು. ಮಕ್ಕಳಿಗೆ ಕಾಯಿಸುವ ಹಿಟ್ಟಿನ ಮಣ್ಣಿ ತಿನ್ನುತ್ತಾನೆ, ರಾತ್ರಿ ಇನ್ನೂ ಎದೆಹಾಲು ಕುಡಿಯುತ್ತಾನೆ. ನನ್ನ ನಾದಿನಿಗೆ ಬರುವ ಮಾರ್ಚಿನಲ್ಲಿ ಹೆರಿಗೆ. ನಾನು ಹೋದ ಆಸ್ಪತ್ರೆಗೇ ಅವಳೂ ಹೋಗುವವಳಿದ್ದಾಳೆ. ಅದಕ್ಕೆ ಮೊದಲು, ನಾನು ಕೇಳಿಕೊಂಡವುಗಳಲ್ಲಿ ಯಾವುದನ್ನು ಯಾವಾಗ ಜಾರಿಗೆ ತರಲಾಗುವುದು ಎಂಬ ಬಗ್ಗೆ ತಮ್ಮ ಕಚೇರಿಯಿಂದ ಕನ್ನಡದಲ್ಲಿ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಎಣ್ಮಕಜೆ ಪಂಚಾಯತಿನ ಒಬ್ಬ ತಾಯಿ